ಒಂದೇ ದಿನದಲ್ಲಿ ಖಿನ್ನತೆ ಇಳಿಯುತ್ತಾ?

ಪ್ರಶ್ನೆ: ನನ್ನ ಅಣ್ಣನಿಗೆ 41 ವರ್ಷ. ಎರಡು ವರ್ಷದಿಂದ ಖಿನ್ನತೆ. ಮೂರು ಬಗೆಯ ಮಾತ್ರೆ ಆಯಿತು, ಗುಣ ಕಾಣಲಿಲ್ಲ. ಈಗ ಡಾಕ್ಟರು ಕೆಟಮಿನ್ ಕೊಡೋಣ, ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದಾರೆ. ಅದು ಅರಿವಳಿಕೆ ಮದ್ದು ಅಲ್ವಾ? ಚಟವಾಗಿಬಿಟ್ಟರೆ ಎಂದು ಭಯ.

ಉತ್ತರ: ಹೌದು, ಅರಿವಳಿಕೆ ಮದ್ದೇ. 1970ರಿಂದ ಆಪರೇಷನ್‌ಗಳಲ್ಲಿ ಬಳಕೆಯಲ್ಲಿದೆ. ಖಿನ್ನತೆಗೆ ಕೊಡುವ ಡೋಸ್ ಬಹಳ ಕಡಿಮೆ. ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂ, 40 ನಿಮಿಷ ಡ್ರಿಪ್‌ನಲ್ಲಿ. ಪ್ರಜ್ಞೆ ತಪ್ಪುವುದಿಲ್ಲ.

ಅದಕ್ಕೆ ಮೊದಲು ಒಂದು ಮಾತು. ಆ ಮೂರು ಮಾತ್ರೆಗಳನ್ನು ಪೂರ್ತಿ ಡೋಸ್‌ನಲ್ಲಿ, ಒಂದೊಂದನ್ನೂ ಆರು ವಾರವಾದರೂ ತೆಗೆದುಕೊಂಡರಾ? ಎರಡು ವಾರಕ್ಕೆ ಬಿಟ್ಟ ಮಾತ್ರೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಥೈರಾಯ್ಡ್ ಪರೀಕ್ಷೆ ಆಗಿದೆಯಾ, ಕುಡಿತ ಇದೆಯಾ, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡದಷ್ಟು ಹುರುಪು ಬಂದಿತ್ತಾ? ಇದನ್ನೆಲ್ಲ ಡಾಕ್ಟರಿಗೆ ಹೇಳಲೇಬೇಕು.

ಮಾಮೂಲಿ ಮಾತ್ರೆಗಳು ಹೆಚ್ಚಾಗಿ ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ, ವಾರಗಟ್ಟಲೆ ಕಾಯಬೇಕು. ಕೆಟಮಿನ್ ಮಿದುಳಿನ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ದಾರಿ ಹಿಡಿಯುತ್ತದೆ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 18 ಮಂದಿಗೆ ಕೊಟ್ಟು ನೋಡಿತು. ಒಂದೇ ದಿನದಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಆದರೆ ವಾರದವರೆಗೆ ಆ ಗುಣ ಉಳಿದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ.

ಇದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬ ತಾಯಿ, ಡ್ರಿಪ್ ಶುರುವಾಗಿ ಕಾಲು ಗಂಟೆಗೆ ‘ಈ ಕೈ ನನ್ನದಲ್ಲ ಅನ್ನಿಸ್ತಿದೆ’ ಎಂದರು. ಮಗಳ ಬೆರಳನ್ನು ಬಿಗಿಯಾಗಿ ಹಿಡಿದಿದ್ದರು. ಡ್ರಿಪ್ ಮುಗಿದು ಸ್ವಲ್ಪ ಹೊತ್ತಿಗೆ ಅದು ಹೋಯಿತು. ಮರುದಿನ ಬೆಳಿಗ್ಗೆ ಅಮ್ಮ ತಾವಾಗಿಯೇ ಎದ್ದು ತಲೆ ಬಾಚಿಕೊಂಡರು ಎಂದು ಮಗಳು ಫೋನಿನಲ್ಲಿ ಅತ್ತಳು. ಆರನೇ ದಿನ ಆ ತಾಯಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ಮದ್ದು ಸೋತಿತು ಎಂದುಕೊಂಡರು ಮನೆಯವರು. ಸೋತಿರಲಿಲ್ಲ, ಅದು ಇರುವುದೇ ಹಾಗೆ. ಅದಕ್ಕೇ ವಾರಕ್ಕೆ ಎರಡರಂತೆ ಕೆಲವು ವಾರ ಕೊಟ್ಟು, ಆಮೇಲೆ ಅಂತರ ಹೆಚ್ಚಿಸುತ್ತೇವೆ.

ಕೆಟಮಿನ್‌ನದೇ ಒಂದು ರೂಪವಾದ ಎಸ್ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಅದನ್ನೂ ಮನೆಗೆ ಕೊಡುವುದಿಲ್ಲ. ಎದುರಿಗೇ ತೆಗೆದುಕೊಂಡು ಎರಡು ಗಂಟೆ ಅಲ್ಲೇ ಇರಬೇಕು, ಮರುದಿನದವರೆಗೆ ಗಾಡಿ ಓಡಿಸಬಾರದು. ಬಿಪಿ ಏರುತ್ತದೆ. ನಿಮ್ಮ ಭಯ ಸುಮ್ನೆ ಅಲ್ಲ, ಇದನ್ನು ನಶೆಗಾಗಿ ಬಳಸುವವರಿದ್ದಾರೆ. ಅವರ ಮೂತ್ರಕೋಶವೇ ಹಾಳಾಗಬಹುದು. ಹಾಗಾಗಿ ಆಸ್ಪತ್ರೆಯಲ್ಲೇ, ಬಿಪಿ ನೋಡುತ್ತಾ ಕೊಡುವುದಾದರೆ ಮಾತ್ರ ಒಪ್ಪಿ. ಮೊದಲ ತಿಂಗಳ ನಂತರ ಏನು ಎಂದೂ ಕೇಳಿ.

ಸಾಯುವ ಯೋಚನೆ ಬರುತ್ತಾ ಎಂದು ಅಣ್ಣನನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಡೋಸ್ ಆದ ಮೇಲೆ ಸಾಧ್ಯವಾದರೆ ಒಂದು ವಾರ ರಜೆ ಹಾಕಿ ಅವರ ಜೊತೆಗಿರಿ. ನಕ್ಕ ದಿನವೂ, ಮತ್ತೆ ಮಾತು ನಿಂತ ದಿನವೂ.