ಎಷ್ಟು ತೆರಿಗೆ ಅನ್ನುವುದೊಂದೇ ಅಲ್ಲ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿದುಕೊಳ್ಳುತ್ತಾರೆ. ಉಳಿದದ್ದರಲ್ಲಿ ಏನು ಕೊಂಡರೂ ಜಿಎಸ್‌ಟಿ. ನನ್ನ ದುಡ್ಡಿನ ಮೇಲೆ ನನಗೇ ಸ್ವಾತಂತ್ರ್ಯ ಇಲ್ಲ. ತೆರಿಗೆ ಕಡಿಮೆ ಆದಷ್ಟೂ ಸ್ವಾತಂತ್ರ್ಯ ಜಾಸ್ತಿ, ಅಲ್ವಾ?"

ಸಂಪಾದಕರ ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನೀವು ಮೊತ್ತವನ್ನಷ್ಟೇ ನೋಡುತ್ತಿದ್ದೀರಿ. ಯಾರ ಹತ್ತಿರ ಕೇಳುತ್ತಾರೆ, ಹೇಗೆ ಕೇಳುತ್ತಾರೆ ಅನ್ನುವುದನ್ನೂ ನೋಡಬೇಕು.

ಮುಂಬಯಿ ಅಂಚಿನ ಮುಲುಂಡ್‌ನಲ್ಲಿ, ಊರೊಳಗೆ ಬರುವ ಸರಕಿಗೆ ತೆರಿಗೆ ವಸೂಲಿ ಮಾಡುತ್ತಿದ್ದ ಜಕಾತಿ ನಾಕಾ ನೆನಪಿದೆಯಾ? ಮಾಟುಂಗದ ಹೋಟೆಲಿಗೆ ಪಾತ್ರೆ, ಗ್ರೈಂಡರ್ ಹೇರಿಕೊಂಡು ಬಂದ ಲಾರಿ ಅಲ್ಲಿ ಸಾಲಿನಲ್ಲಿ ನಿಲ್ಲಬೇಕಿತ್ತು. ಡ್ರೈವರ್ ಬಿಲ್ಲು ಹಿಡಿದು ಕಿಟಕಿ ಮುಂದೆ ಕಾಯಬೇಕು. ಬಿಲ್ಲಿನ ಬೆಲೆ ನಿಜವೋ ಸುಳ್ಳೋ, ಒಳಗೆ ಕೂತವರು ಹೇಳಬೇಕು. ಅನುಮಾನ ಬಂತೋ, ಲಾರಿ ಪಕ್ಕಕ್ಕೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಮುಂಬಯಿಯ ಜಕಾತಿ ಹೋಯಿತು. ತೆರಿಗೆಯೇನೂ ಹೋಗಲಿಲ್ಲ. ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್, ದಾರಿಯ ತಪಾಸಣೆ ಈಗಲೂ ಇವೆ. ಆದರೆ ಊರೊಳಗೆ ಬರಲು ಇನ್ನೊಬ್ಬರ ಮರ್ಜಿ ಕಾಯುವುದು ತಪ್ಪಿತು. ನನ್ನ ಮಟ್ಟಿಗೆ ಅದು ದೊಡ್ಡ ಬಿಡುಗಡೆ.

ಇನ್ನು ಜಿಎಸ್‌ಟಿ. ಅದರ ಬಿಸಿ ನಿಮಗಿಂತ ಜಾಸ್ತಿ ತಟ್ಟುವುದು ಮನೆಗೆಲಸಕ್ಕೆ ಬರುವ ಹೆಂಗಸಿಗೆ. ಆಕೆ ಆದಾಯ ತೆರಿಗೆ ಕಟ್ಟುವುದಿಲ್ಲ, ನಿಜ. ಆದರೆ ಮೈಸೋಪಿನ ಮೇಲೆ ಆಕೆಗೂ ಮಲಬಾರ್ ಹಿಲ್‌ನ ಶ್ರೀಮಂತರಿಗೂ ಒಂದೇ ದರ. 2025ರ ಸೆಪ್ಟೆಂಬರ್ 22ರಂದು ಅದು ಶೇ. 18ರಿಂದ 5ಕ್ಕೆ ಇಳಿಯಿತು. ತೆರಿಗೆ ಜಾಸ್ತಿಯಾದರೆ ನಿಮ್ಮ ಉಳಿತಾಯ ಕಡಿಮೆಯಾಗುತ್ತದೆ, ಆಕೆ ತಿಂಗಳ ಸಾಮಾನಿನ ಚೀಟಿಯಿಂದ ಏನನ್ನಾದರೂ ಹೊಡೆದುಹಾಕಬೇಕಾಗುತ್ತದೆ. ಆದಾಯ ತೆರಿಗೆ ಕಟ್ಟುವವರೇ ದೇಶ ಸಾಕುತ್ತಿದ್ದಾರೆ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಸರ್ಕಾರ ಮನಸ್ಸಿಗೆ ಬಂದಷ್ಟು ಕೇಳಬಹುದು ಅಂತಾದರೆ ಮಾತ್ರ ನಿಮ್ಮ ಭಯ ಸರಿ. ಕಾನೂನಿಲ್ಲದೆ ತೆರಿಗೆ ಹಾಕುವಂತಿಲ್ಲ ಅಂತ ಸಂವಿಧಾನದ 265ನೇ ವಿಧಿ ಹೇಳುತ್ತದೆ. ನಿಮ್ಮ ಸಂಬಳದ ಚೀಟಿಯನ್ನೇ ತೆಗೆದು ನೋಡಿ. ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಕೂಡಿಸಿದರೆ ಸರಿಯಾಗಿ 2,500. ವರ್ಷಕ್ಕೆ ಅಷ್ಟನ್ನು ದಾಟಬಾರದು ಅಂತ 276ನೇ ವಿಧಿಯಲ್ಲಿದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಕಾದರೂ ಸಂವಿಧಾನವನ್ನೇ ತಿದ್ದಬೇಕು.

ಆದಾಯ ತೆರಿಗೆಗೆ ಇಂಥ ಮಿತಿ ಇಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಅದರ ಗರಿಷ್ಠ ದರ ಸರ್‌ಚಾರ್ಜ್ ಸೇರಿ ಶೇ. 97.75 ಮುಟ್ಟಿತ್ತು. ಅದಕ್ಕೂ ಒಂದು ಮಿತಿ ಬೇಕು ಅಂತ ನೀವು ಕೇಳುವುದಾದರೆ ನಾನೂ ನಿಮ್ಮ ಜೊತೆಗಿದ್ದೇನೆ.