ಪಿಯಾನೋದಲ್ಲಿ ಸಿಗದ ಗಾಂಧಾರದಿಂದ ಶುರು ಮಾಡಿ

ನಮಸ್ಕಾರ. ಅರಬ್ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದಲ್ಲಿ ಅವರದೇ ಸಂಗೀತ ಕಲಿಸಬೇಕು ಅಂತ ನೀವು ಬರೆದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ, ಇದು ನನಗೂ ತುಂಬಾ ಬೇಕಾದ ವಿಷಯ.

ಸಂಸ್ಕೃತಿ, ಅಸ್ಮಿತೆ, ಬೇರು ಅನ್ನುವ ಪದಗಳೇ ಪುಟ ತುಂಬಿವೆ. ಒಂದು ಸ್ವರವೂ ಕೇಳಿಸುವುದಿಲ್ಲ. ರಾಸ್ತ್ ಮಕಾಮನ್ನೇ ತೆಗೆದುಕೊಳ್ಳಿ (ಮಕಾಮ್ ಅಂದರೆ ಅರಬ್ ಸಂಗೀತದಲ್ಲಿ ನಮ್ಮ ರಾಗದಂಥದ್ದು). ಅದರ ಮೂರನೇ ಸ್ವರ ನಮ್ಮ ‘ಗ’ ಸ್ವರದ ಎರಡು ರೂಪಗಳಾದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ನಿಲ್ಲುತ್ತದೆ. ಊದ್ ಅನ್ನುವ ಅರಬ್ ತಂತಿವಾದ್ಯಕ್ಕೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ, ಬೆರಳು ಸ್ವಲ್ಪ ಜರುಗಿಸಿದರೆ ಆ ಸ್ವರ ಸಿಗುತ್ತದೆ. ಪಿಯಾನೋದಲ್ಲಿ ಅದಕ್ಕೆ ಕೀಯೇ ಇಲ್ಲ. ಮನೆಯಲ್ಲಿ, ಮದುವೆಗಳಲ್ಲಿ, ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ದನಿಯಲ್ಲಿ ಇದನ್ನೇ ಕೇಳಿ ಬೆಳೆದ ಹುಡುಗಿ ಪಾಶ್ಚಾತ್ಯ ಪದ್ಧತಿಯ ಪ್ರವೇಶ ಪರೀಕ್ಷೆಯಲ್ಲಿ ಅದನ್ನೇ ಹಾಡಿದರೆ, ಪಿಯಾನೋ ಮುಂದೆ ಕೂತ ಪರೀಕ್ಷಕರ ಕಿವಿಗೆ ಅದು ಅಪಶ್ರುತಿ. ಅವಳು ತಪ್ಪು ಹಾಡಿಲ್ಲ, ಅಲ್ವಾ? ನಮ್ಮ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗಲೂ ಅದರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಗಮಕ ಬರುವುದಿಲ್ಲ ಅನ್ನುವ ವಾದ ಜೋರಾಗಿತ್ತು.

ಪಶ್ಚಿಮದವರು ಎಲ್ಲವನ್ನೂ ಹೇರಿದರು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಡೆದದ್ದು ಅಷ್ಟು ಸರಳವಲ್ಲ. 1932ರಲ್ಲಿ ಈಜಿಪ್ಟಿನ ರಾಜ ಫುವಾದ್ ಆಶ್ರಯದಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು, ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಕೂಡ ಬಂದಿದ್ದರು. ಅಲ್ಲಿ ಅರಬ್ ಸಂಗೀತಕ್ಕೆ ಪಿಯಾನೋ ಬೇಕೋ ಬೇಡವೋ ಅಂತ ಬಿಸಿಬಿಸಿ ಚರ್ಚೆಯಾಯಿತು. ಬೇಕು ಅಂದವರಲ್ಲಿ ಈಜಿಪ್ಟಿನವರೇ ಇದ್ದರು, ಬೇಡ ಅಂದವರಲ್ಲಿ ಯುರೋಪಿನ ವಿದ್ವಾಂಸರಿದ್ದರು! ಇದನ್ನು ಬಿಟ್ಟರೆ ಲೇಖನ ಅರ್ಧ ಸತ್ಯವಾಗುತ್ತದೆ. ಇವತ್ತಿನ ಅರಬ್ ವಿದ್ಯಾರ್ಥಿಗೆ ಬೀಥೋವನ್ ಕಲಿಯುವ ಆಸೆಯೂ ಇರಬಹುದು. ಅವರ ಪರವಾಗಿ ನೀವೇ ತೀರ್ಮಾನಿಸಬೇಡಿ, ಕೇಳಿ.

ಎಲ್ಲ ಅರಬರನ್ನೂ ಒಂದೇ ಗುಂಪಿಗೆ ಸೇರಿಸಿದ್ದೂ ಸರಿಯಲ್ಲ. ಬಾಗ್ದಾದಿನ ಮಕಾಮ್ ಗಾಯನ, ಬಹರೇನಿನ ಮುತ್ತು ತೆಗೆಯುವವರ ಹಾಡು, ಮೊರೊಕ್ಕೊದ ಅಂದಲೂಸಿ ಸಂಗೀತ ಬೇರೆಬೇರೆ. ಆ ಅಂದಲೂಸಿಯಲ್ಲಂತೂ ನಾನು ಮೇಲೆ ಹೇಳಿದ ನಡುವಿನ ಸ್ವರಗಳ ಬಳಕೆ ಅಷ್ಟಾಗಿ ಇಲ್ಲ. ಅಲ್ಲಿನ ಹುಡುಗನಿಗೆ ಈಜಿಪ್ಟಿನ ಪಾಠ ಕೊಟ್ಟು ಇದು ನಿನ್ನದೇ ಅಂದರೆ ಹೇಗೆ?

ಒಂದು ಐಚ್ಛಿಕ ಪತ್ರಿಕೆ ಸೇರಿಸಿದರೆ ಸಾಕು ಅನ್ನುವ ನಿಮ್ಮ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಪ್ರವೇಶಕ್ಕೆ ಊದ್ ನುಡಿಸಿದರೆ ನಡೆಯುತ್ತದಾ? ತಕ್ಸೀಮ್, ಅಂದರೆ ಆ ಕ್ಷಣಕ್ಕೆ ಕಟ್ಟಿಕೊಂಡು ನುಡಿಸುವ ಆಲಾಪಕ್ಕೆ ಅಂಕ ಕೊಡಬಲ್ಲ ಮೇಷ್ಟ್ರು ಇದ್ದಾರಾ? ಸ್ವರಲಿಪಿ ಇಲ್ಲದೆ ಗುರುವಿನ ಬಾಯಿಂದ ಕಲಿತದ್ದಕ್ಕೆ ಬೆಲೆ ಇದೆಯಾ? ಇವು ಬದಲಾಗದೆ ಒಂದು ಪತ್ರಿಕೆ ಸುಮ್ನೆ ಅಲಂಕಾರ. 1993ರಲ್ಲಿ ಬಿರ್ಜೈತ್ ವಿಶ್ವವಿದ್ಯಾಲಯದ ಆಸರೆಯಲ್ಲಿ ಶುರುವಾಗಿ, ಈಗ ಚಿಂತಕ ಎಡ್ವರ್ಡ್ ಸೈದ್ ಹೆಸರು ಹೊತ್ತಿರುವ ಪ್ಯಾಲೆಸ್ತೀನಿನ ಸಂಗೀತ ಶಾಲೆಯಲ್ಲಿ ಊದ್, ಕಾನೂನ್ ಅನ್ನುವ ಇನ್ನೊಂದು ತಂತಿವಾದ್ಯ, ಇವುಗಳ ಜೊತೆಗೇ ಪಿಯಾನೋ, ಪಿಟೀಲೂ ಕಲಿಸುತ್ತಾರೆ. ಅದರ ಬಗ್ಗೆ ಓದಿ. ಆಮೇಲೆ ಒಂದೇ ಒಂದು ವಿಶ್ವವಿದ್ಯಾಲಯ ಹಿಡಿದುಕೊಂಡು, ಅಲ್ಲಿನ ವಿದ್ಯಾರ್ಥಿಗಳನ್ನು ಮಾತಾಡಿಸಿ, ಲೇಖನವನ್ನು ಪೂರ್ತಿ ಹೊಸದಾಗಿ ಬರೆಯಿರಿ. ನೇರ ನನಗೇ ಕಳಿಸಿ.