ಡಿಸೆಂಬರ್‌ನಲ್ಲಿ ಅರ್ಧ ದಿನಕ್ಕೆ ಹತ್ತಿಳಿಯಬಹುದಾದ, ಮೇಲಿಂದ ಕೆರೆ ಕಾಣುವ ಬೆಟ್ಟ ಯಾವುದು?

ಅಪ್ಪ-ಅಮ್ಮನಿಗೆ ಅರವತ್ತು ದಾಟಿದೆ, ಮಗ ಐದನೇ ಕ್ಲಾಸು, ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತೇವೆ, ಬೆಟ್ಟದ ಮೇಲಿಂದ ಕೆರೆ-ಕಣಿವೆ ಕಾಣಬೇಕು, ನಂದಿಬೆಟ್ಟದ ಜನಜಂಗುಳಿ ಬೇಡ ಅಂತ ಕೇಳಿದ್ದೀರಿ. ಗುಡಿಬಂಡೆಗೆ ಬನ್ನಿ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನೇ. ಮನೆಗೆ ಹೊರಗಿನ ನೆಂಟರು ಬಂದರೆ ಮೊದಲು ಕರೆದುಕೊಂಡು ಹೋಗುವುದು ಈ ಕೋಟೆ ಬೆಟ್ಟಕ್ಕೇ.

ಸೂರ್ಯೋದಯ ನೋಡಬೇಕು ಅಂತ ರಾತ್ರಿ ಎರಡು ಗಂಟೆಗೆ ಎದ್ದು ಹೊರಡಬೇಡಿ. ನಂದಿ, ಸ್ಕಂದಗಿರಿಗೆ ಹೋಗಿ ಬಂದವರೆಲ್ಲ ನಿಮಗೆ ಅದನ್ನೇ ಹೇಳಿರುತ್ತಾರೆ. ಕಾಲ ಕೆಳಗೆ ಮೋಡ ತೇಲುವುದನ್ನು ನೋಡಬೇಕಿದ್ದರೆ ಅದು ಸರಿ. ನಿಮಗೆ ಬೇಕಿರುವುದು ಕೆರೆ ಅಲ್ವಾ? ಡಿಸೆಂಬರ್ ಬೆಳಗ್ಗೆ ಈ ಕಡೆ ಮಂಜು ದಟ್ಟವಾಗಿ ಕವಿದಿರುತ್ತದೆ, ಕೆರೆ ಬಯಲಿನಲ್ಲಿ ಇನ್ನೂ ಜಾಸ್ತಿ. ಆರು ಗಂಟೆಗೆ ಮೇಲೆ ಹೋಗಿ ನಿಂತರೆ ಬರೀ ಬಿಳಿ ಬಿಳಿ. ಎಂಟೂವರೆ ಸುಮಾರಿಗೆ ಹತ್ತಲು ಶುರು ಮಾಡಿ. ಮೇಲೆ ಮುಟ್ಟುವಷ್ಟರಲ್ಲಿ ಮಂಜು ಕರಗಿರುತ್ತದೆ. ಇಬ್ಬನಿಗೆ ನೆನೆದ ಮೆಟ್ಟಿಲು ಒಣಗಿರುತ್ತವೆ, ಬಂಡೆ ಇನ್ನೂ ಕಾದಿರುವುದಿಲ್ಲ. ಅಮ್ಮನೂ ನೆಮ್ಮದಿಯಾಗಿ ಒಂದು ಹೊತ್ತು ನಿದ್ದೆ ಮಾಡಿ ಬರಬಹುದು.

ದಾರಿ ಸುಲಭ. ಹೈದರಾಬಾದ್ ರಸ್ತೆಯಲ್ಲಿ, ಅಂದರೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಚಿಕ್ಕಬಳ್ಳಾಪುರ ದಾಟಿ ಪೇರೇಸಂದ್ರಕ್ಕೆ ಬಂದು ಎಡಕ್ಕೆ ತಿರುಗಬೇಕು. ಬೆಂಗಳೂರಿನಿಂದ ಒಟ್ಟು 90–100 ಕಿ.ಮೀ. ಆಗುತ್ತದೆ. ತಿಂಡಿಯನ್ನು ಚಿಕ್ಕಬಳ್ಳಾಪುರದಲ್ಲೇ ಮುಗಿಸಿಕೊಳ್ಳಿ. ಬೆಟ್ಟದ ಬುಡದಲ್ಲೇ ಊರಿದೆ. ಯಾರನ್ನು ಕೇಳಿದರೂ ಮೆಟ್ಟಿಲು ಶುರುವಾಗುವ ಜಾಗ ತೋರಿಸುತ್ತಾರೆ. ಸುತ್ತ ತೆಲುಗು ಮಾತು ಕಿವಿಗೆ ಬಿದ್ದರೆ ಹಿಂಜರಿಯಬೇಡಿ, ಕನ್ನಡದಲ್ಲೇ ಕೇಳಿ, ಇಲ್ಲಿ ಎಲ್ಲರಿಗೂ ಎರಡೂ ಬರುತ್ತದೆ.

ಇನ್ನು ಕೆರೆ. ಅಮಾನಿ ಬೈರಸಾಗರ ಅಂತ ಹೆಸರು. ಕೋಟೆಯ ಮೇಲಿಂದ ನೋಡಿದರೆ ಭಾರತದ ನಕ್ಷೆಯಂತೆ ಕಾಣುತ್ತದೆ ಅನ್ನುವುದಕ್ಕೇ ಇದು ಹೆಸರುವಾಸಿ. ಆದರೆ ನೀರು ತುಂಬಿದ್ದಾಗ ಮಾತ್ರ ಆ ಆಕಾರ ಕೂಡಿಬರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆ, ಆಮೇಲೆ ಹಿಂಗಾರು ಕೈಹಿಡಿದರೆ ಕೆರೆಗಳಿಗೆ ನೀರು. ಅದಕ್ಕೇ ನಾನು ಯಾರಿಗೇ ಆದರೂ ಡಿಸೆಂಬರ್, ಜನವರಿಯಲ್ಲಿ ಬನ್ನಿ ಅನ್ನುವುದು. ಏಪ್ರಿಲ್‌ನಲ್ಲಿ ಬಂದವರು ಒಣಗಿದ ಅಂಗಳ ನೋಡಿ, ಇದೇನಾ ಕೆರೆ ಅಂತ ಕೇಳುತ್ತಾರೆ. ನನಗೆ ಬೇಜಾರಾಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಏರಿಯಿಂದ ಆಚೆ ಅಂಚಿನವರೆಗೆ ನೀರು, ಸುತ್ತ ಕೊಯ್ಲಾದ ರಾಗಿ ಹೊಲ, ಅದರಾಚೆ ಸಾಲು ಸಾಲು ಕಲ್ಲುಗುಡ್ಡ. ಅದನ್ನು ನೋಡಬೇಕು ನೀವು.

ಕೋಟೆ ಕಟ್ಟಿಸಿದ್ದು 17ನೇ ಶತಮಾನದಲ್ಲಿ ಇಲ್ಲಿ ಆಳಿದ ಪಾಳೇಗಾರ ಬೈರೇಗೌಡ. ಕೆರೆಗೂ ಅವನದೇ ಹೆಸರು. ಏಳು ಸುತ್ತಿನ ಕೋಟೆ ಇದು, ಒಂದೊಂದು ಬಾಗಿಲು ದಾಟಿದಂತೆ ಒಂದೊಂದು ಹಂತ ಮೇಲೇರುತ್ತೀರಿ. ನಿಮ್ಮ ಮಗನಿಗೆ ದೊಣೆಗಳನ್ನು, ಅಂದರೆ ಬಂಡೆಯಲ್ಲಿ ನೀರು ನಿಲ್ಲುವ ಹೊಂಡಗಳನ್ನು, ತಪ್ಪದೆ ತೋರಿಸಿ. ಪೂರ್ತಿ ಹುಟ್ಟುಬಂಡೆಯ ಬೆಟ್ಟ, ಮೇಲೆ ಬಾವಿ ತೋಡುವ ಮಾತೇ ಇಲ್ಲ. ಬಂಡೆ ಮೇಲೆ ಬಿದ್ದ ಮಳೆಯನ್ನೇ ಹಿಡಿದಿಡಬೇಕು. ಅದಕ್ಕಾಗಿ 19 ದೊಣೆಗಳು. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಒಂದಕ್ಕೊಂದು ಜೋಡಿಸಿದ್ದಾರೆ. ಮಳೆಕೊಯ್ಲು ಅಂತ ಶಾಲೆಯಲ್ಲಿ ಚಿತ್ರ ಬರೆಸುತ್ತಾರಲ್ಲ, ಇಲ್ಲಿ ಮುನ್ನೂರು ವರ್ಷದ ಹಿಂದಿನದು ಕಣ್ಣೆದುರಿಗೇ ಇದೆ. ನೀರಿಗೆ ಇಳಿಯಲು ಮಾತ್ರ ಬಿಡಬೇಡಿ. ಆಳ ಗೊತ್ತಾಗುವುದಿಲ್ಲ, ಅಂಚು ಪಾಚಿ ಕಟ್ಟಿರುತ್ತದೆ.

ತುದಿಯಲ್ಲಿ ಈಶ್ವರನ ಗುಡಿ ಇದೆ. ನಿಧಾನವಾಗಿ ಹತ್ತಿದರೂ ಮುಕ್ಕಾಲು ಗಂಟೆ, ಒಂದು ಗಂಟೆ ಸಾಕು. ಮೆಟ್ಟಿಲುಗಳು ಒಂದೇ ಎತ್ತರಕ್ಕಿಲ್ಲ, ಕೆಲವು ಕಡೆ ಕೈಯೂರಿ ಏರಬೇಕಾಗುತ್ತದೆ. ಅಪ್ಪನಿಗೆ ಮಂಡಿ ನೋವಿದ್ದರೆ ತುದಿಗೇ ಬರಲಿ ಅಂತ ಒತ್ತಾಯ ಮಾಡಬೇಡಿ. ನಡುವೆ ಯಾವುದಾದರೂ ಬಾಗಿಲಿನ ನೆರಳಲ್ಲಿ ಕೂತರೂ ಕಣಿವೆ ಚೆನ್ನಾಗಿ ಕಾಣುತ್ತದೆ. ಕುಡಿಯುವ ನೀರು ಕೆಳಗಿಂದಲೇ ಒಯ್ಯಿರಿ. ತಿನ್ನುವ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿ ಬಂದರೆ ಮಕ್ಕಳು ಹೆದರುತ್ತಾರೆ. ಖಾಲಿ ಬಾಟಲಿ ದೊಣೆಗೆ ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ನಾನಂತೂ ಸುಮ್ನೆ ಇರುವುದಿಲ್ಲ.

ಹತ್ತುವುದೇ ಆಗುವುದಿಲ್ಲ ಅನ್ನುವುದಾದರೆ ಆವಲಬೆಟ್ಟಕ್ಕೆ ಹೋಗಿ. ಅದೂ ಪೇರೇಸಂದ್ರದ ಕಡೆಯಿಂದಲೇ. ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನದ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಕಣಿವೆ ನೋಟ ಚೆಂದ. ಪ್ರಪಾತದ ಅಂಚಿನ ಬಂಡೆಗಳ ಮೇಲೆ ಫೋಟೋಗೆ ನಿಲ್ಲುವ ಆಸೆ ಮಾತ್ರ ಬೇಡ.

ವಾಪಸಾಗುವಾಗ ದಾರಿ ಬದಿ ಅವರೆಕಾಯಿ ರಾಶಿ ಹಾಕಿ ಮಾರುತ್ತಿದ್ದರೆ ತೆಗೆದುಕೊಳ್ಳಿ. ಡಿಸೆಂಬರ್ ಕೊನೆಗೆ ಸೊಗಡು ಜೋರಾಗಿರುತ್ತದೆ. ಬೆಳಗ್ಗೆ ಆಗಲಿಲ್ಲ, ಸಂಜೆಗೇ ಬರುತ್ತೇವೆ ಅಂದರೆ ನಾಲ್ಕಕ್ಕೆಲ್ಲ ಹತ್ತಿ, ಐದೂವರೆಗೆ ಇಳಿಯಲು ಶುರು ಮಾಡಿ. ಈ ತಿಂಗಳಲ್ಲಿ ಆರು ದಾಟಿದರೆ ಬೇಗ ಕತ್ತಲಾಗುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಆ ಮೆಟ್ಟಿಲು ಕತ್ತಲಲ್ಲಿ ಇಳಿಯುವುದು ಬೇಡ.